ಲ್ಯಾಬಿಗೊಂದು ಹದ, ಶಾಲೆಗೊಂದು ಹದ

"ಏಯ್ ದರಿದ್ರ ಮುಂಡೇ, ಕೈ ಯಾಕೆ ಬಿಗಿ ಹಿಡೀತೀಯಾ? ಲ್ಯಾಬಿಗೆ ಹೋಗೋ ಮಾಲು ಇದು! ಸುರಿಯೇ ಸಿಮೆಂಟು!"

ಮೇಸ್ತ್ರಿ ಕೂಗಿದ, ಕಾಂಕ್ರೀಟು ಕಲಸುವ ಅಕ್ಕ ಸುರಿದಳು. ಕಟ್ಟುತ್ತಿದ್ದದ್ದು ಸರಕಾರಿ ಶಾಲೆ. ಹಾಕಿದ ಕಾಂಕ್ರೀಟಿನಲ್ಲೇ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬಿ, ಗಟ್ಟಿಯಾದ ದಿಮ್ಮಿಯನ್ನು ಲ್ಯಾಬಿನಲ್ಲಿ ಒಡೆದು ನೋಡಬೇಕೆಂಬುದು ಕಾನೂನು. ಕಂಟ್ರಾಕ್ಟರ್ ಯಜಮಾನರು ಕಾನೂನಿಗೆ ಬಹಳ ಹೆದರುವ ಮನುಷ್ಯ. ಹಾಗಾಗಿ ಅಚ್ಚಿಗೆ ಬೇರೆಯೇ ಕಲಸಿಸುತ್ತಿದ್ದರು. ದಿಮ್ಮಿಗೆ ಒಂದಕ್ಕೆರಡು ಸಿಮೆಂಟು, ತೊಳೆದ ಮರಳು, ತಿಂಗಳಿಡೀ ತೊಟ್ಟಿಯ ನೀರಿನಲ್ಲಿ ಬಾಣಂತಿಯ ಆರೈಕೆ. ಶಾಲೆಗೆ ಜಲ್ಲಿಯ ಧೂಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹನ್ನೊಂದು ವರ್ಷದಲ್ಲಿ ಅಕ್ಕನ ಒಂದು ದಿಮ್ಮಿಯೂ ಫೇಲಾಗಿರಲಿಲ್ಲ. ಈ ಸಲವೂ ದಿಮ್ಮಿ ಪಾಸಾಯಿತು, ಶಾಲೆ ಫೇಲಾಯಿತು. ಉದ್ಘಾಟನೆಯಾಗಿ ಐದನೇ ವಾರಕ್ಕೆ ಕಿಟಕಿಯ ಮೇಲಿನ ಸಜ್ಜಾ ಕಳಚಿ ಬಿದ್ದು ಒಂದು ಹುಡುಗಿಯ ಕಾಲು ಮುರಿಯಿತು.

ತನಿಖೆ ಬಂತು. ವಂಚನೆ ಕೇಸು, ಕಪ್ಪುಪಟ್ಟಿ, ಜೈಲು ಎಂಬ ಮಾತುಗಳು ಯಜಮಾನರ ಆಫೀಸಿನ ಗಾಜು ದಾಟಿ ಹೊರಗೂ ಕೇಳತೊಡಗಿದವು. ಅಕ್ಕನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ಏನೋ ಎಡವಟ್ಟಿದೆಯೆಂದು ಅವಳಿಗೆ ಗೊತ್ತಾಯಿತು.

"ಏನಿಲ್ಲಮ್ಮಾ," ಎಂದ ಪಕ್ಕದಲ್ಲಿ ಕೂತಿದ್ದ ಯಜಮಾನರ ವಕೀಲ. "ನಿಂಗೆ ಗೊತ್ತಾಗ್ದೆ ಸಿಮೆಂಟು ಕಮ್ಮಿ ಹಾಕ್ಬಿಟ್ಟೆ ಅಂತ ಬರ್ದಿದೀನಿ. ನಾಳೆ ಸಾಹೇಬ್ರ ಮುಂದೆ ಹೆಬ್ಬೆಟ್ಟು ಒತ್ತಿಬಿಡು."

"ಜೈಲಿಗೆ ಹಾಕ್ತಾರಾ?"

"ಹಾಕಿದ್ರೆ ಏನೀಗ?" ಯಜಮಾನರು ನಕ್ಕರು. "ಕೂತ್ಕೊಂಡು ಮೂರು ಹೊತ್ತು ತಿಂತೀಯ. ನಾನು ಹೋದ್ರೆ ನೂರು ಜನರ ಕೆಲಸ ಹೋಗುತ್ತೆ. ನೀನು ಹೋದ್ರೆ ಯಾರಿಗೇನು ನಷ್ಟ?"

ಶೆಡ್ಡಿನಲ್ಲಿ ಅವಳ ತುಂಬು ಬಸುರಿ ಮಗಳಿದ್ದಳು. ಮಗಳ ಬಾಣಂತನ ಮಾಡಲು ಅಕ್ಕನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ," ಎಂದು ಗೊಣಗುತ್ತ ಎದ್ದಳು.

ಮರುದಿನ ಯಜಮಾನರ ಹೊಸ ಸೈಟಿಗೆ ತನಿಖೆಯ ಸಾಹೇಬರು ಬೂಟಿಗೆ ಧೂಳು ತಾಗದಂತೆ ಹಲಗೆಯ ಮೇಲೆ ನಡೆದು ಬಂದರು. ಮೇಜಿನ ಮೇಲೆ ಕಾಗದ, ಇಂಕುಪ್ಯಾಡು ಸಿದ್ಧವಾಗಿದ್ದವು.

"ನೀನು ಹೇಗೆ ಕಲಸ್ತಿದ್ದೆ, ಕಲಸಿ ತೋರ್ಸು," ಎಂದರು.

ಕಮ್ಮಿ ಸಿಮೆಂಟಿನದನ್ನೇ ಕಲಸಿ ತೋರಿಸುತ್ತಾಳೆ, ಇನ್ನೂ ಒಳ್ಳೆಯದೇ ಆಯಿತೆಂದು ಯಜಮಾನರು ತಲೆಯಾಡಿಸಿದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಲಿಕೆ ಹಿಡಿದಳು.

"ಯಾವ್ದು ಸಾರ್? ಲ್ಯಾಬಿಂದಾ, ಶಾಲೇದಾ?"

ಸಾಹೇಬರ ಪೆನ್ನು ನಿಂತಿತು.

"ಬಾಯ್ಮುಚ್ಚೇ ಸೂಳೇ!" ಎಂದ ಮೇಸ್ತ್ರಿ.

"ತಲೆ ನೆಟ್ಟಗಿಲ್ಲ ಸಾರ್ ಇವಳಿಗೆ," ಎಂದರು ಯಜಮಾನರು.

ಅಕ್ಕ ಎರಡನ್ನೂ ಕಲಸಿದಳು, ಅಕ್ಕಪಕ್ಕ ಎರಡು ಗುಡ್ಡೆ. ಕೆಲಸದವರೆಲ್ಲ ಬಾಣಲೆ ಕೆಳಗಿಟ್ಟು ಸುತ್ತ ನೆರೆದರು.

"ಇದು ನಿಮ್ ಫೈಲಿಗೆ. ಇದು ಮಕ್ಕಳ ತಲೆ ಮೇಲಕ್ಕೆ. ಎರಡೂ ಇವ್ರೇ ಕಲಿಸಿದ್ದು. ಒಂದ್ ದಿನಾನೂ ನಾನು ಅಳತೆ ತಪ್ಪಿಲ್ಲ ಸಾರ್."

ಸಾಹೇಬರು ಯಜಮಾನರನ್ನು ನೋಡಿದರು, ಯಜಮಾನರು ಸಾಹೇಬರನ್ನು ನೋಡಿದರು. ದೊಡ್ಡವರಿಗೆ ಅಷ್ಟು ಸಾಕು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಇದನ್ನೆಲ್ಲ ಬರೆಯೋಕಾಗಲ್ಲಮ್ಮ. ಮೊದ್ಲು ಹೆಬ್ಬೆಟ್ಟು ಒತ್ತು."

ಅಕ್ಕ ಶಾಲೆಯ ಗುಡ್ಡೆಯಿಂದ ಸಲಿಕೆ ತುಂಬ ಎತ್ತಿ ಮೇಜಿನ ಮೇಲೆ ಸುರಿದಳು. ಕಾಗದ ಮುಚ್ಚಿತು, ಪ್ಯಾಡು ಮುಚ್ಚಿತು, ಸಾಹೇಬರ ಬೂಟಿನ ಮೇಲೂ ಎರಡು ಉಂಡೆ ಬಿದ್ದವು.

"ನನ್ ಹೆಬ್ಬೆಟ್ಟು ಬೇಕಾದ್ರೆ ಅದ್ರೊಳಗೆ ಹುಡುಕ್ಕೊಳ್ಳಿ."

ಮೇಸ್ತ್ರಿ ಅವಳ ಮೇಲೆ ಕೈಯೆತ್ತಿದ. ಅಷ್ಟರಲ್ಲಿ ಅವಳ ಹಿಂದೆ ಕಲ್ಲು ಹೊರುವ ಮುದುಕಿ ಅದೇ ಗುಡ್ಡೆಗೆ ಬಗ್ಗಿ ಬಾಣಲೆ ತುಂಬಿಕೊಳ್ಳುತ್ತಿದ್ದಳು. ಅವಳ ಹಿಂದೆ ಇನ್ನಿಬ್ಬರು ಸಲಿಕೆ ಹಿಡಿದು ನಿಂತಿದ್ದರು.