‘ಹೋಗು’ ಎನ್ನಲು ನಮ್ಮಲ್ಲಿ ಪದವಿಲ್ಲ

ಬ್ಯೂನಸ್ ಐರಿಸ್‌ನ ನಾವು ಸ್ಪ್ಯಾನಿಷ್‌ನಲ್ಲಿ ಯಾರಿಗಾದರೂ ಏನಾದರೂ ಮಾಡೆಂದು ಹೇಳುವಾಗ ಮಾತಿನ ಬಾಲ ಎಳೆಯುತ್ತೇವೆ. ‘ಬಾ’ ಎನ್ನಲು ‘ವೆನೀ’, ‘ಹಾಕು’ ಎನ್ನಲು ‘ಪೊನೇ’. ಮೆಕ್ಸಿಕೋದವರು ಆ ಬಾಲವನ್ನು ಕತ್ತರಿಸಿ ‘ವೆನ್’, ‘ಪೊನ್’ ಎಂದು ಮುಗಿಸುತ್ತಾರೆ. ವಿದೇಶಿಯರಿಗೆ ಇದನ್ನು ಕಲಿಸುವುದೇ ನನ್ನ ಎದುರು ಮನೆಯ ಗ್ರಾಸಿಯಾನಾಳ ಕಸುಬು.

ಅವಳ ಗಂಡ ಫೆರ್ಮಿನ್ ಸಿನಿಮಾಗಳಿಗೆ ಕಂಠದಾನ ಮಾಡುವವನು. ಎರಡು ವರ್ಷ ಮೆಕ್ಸಿಕೋದ ಸ್ಟುಡಿಯೊದಲ್ಲಿದ್ದು ಮೊನ್ನೆ ಮಾರ್ಚ್‌ನಲ್ಲಿ ಮರಳಿದ. ಇನ್ನು ಇಲ್ಲೇ ಇರುತ್ತಾನೆ ಎಂದು ಗ್ರಾಸಿಯಾನಾ ನನಗೆ ಪದೇ ಪದೇ ಹೇಳಿದಳು. ನಿಜವಾಗಿ ನಂಬಿದ್ದರೆ ಒಂದು ಸಲ ಸಾಕಿತ್ತು.

ಭಾನುವಾರ ಊಟಕ್ಕೆ ನನ್ನನ್ನೂ ಕರೆದರು. ಮನೆಯ ನಾಯಿ ಪುಲ್ಗಾಳನ್ನು ಫೆರ್ಮಿನ್ ‘ವೆನ್’ ಎಂದು ಕರೆದ. ಅವಳು ಮಿಸುಕಲಿಲ್ಲ.

“ಅದು ನಮ್ಮೂರ ನಾಯಿ ಕಣೋ. ಅದಕ್ಕೂ ಡಬ್ ಮಾಡ್ಬೇಕು ನೀನು,” ಎಂದೆ.

ಸ್ಟುಡಿಯೊ ಚಟ, ನಾಲಿಗೆ ಬಿಡುತ್ತಿಲ್ಲ ಎಂದು ಅವನು ನಕ್ಕ. ಗ್ರಾಸಿಯಾನಾ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕಳು.

ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿತ್ತು. ಅವಳು ಉಪ್ಪಿನ ಡಬ್ಬಿ ಎತ್ತಿಕೊಂಡಾಗ ಫೆರ್ಮಿನ್ ಪತ್ರಿಕೆಯಿಂದ ತಲೆಯೆತ್ತದೆ, “ಸ್ವಲ್ಪ ಕಮ್ಮಿ ಹಾಕು, ಚಿನ್ನ,” ಎಂದ. ಆ ‘ಹಾಕು’ ನಮ್ಮ ‘ಪೊನೇ’ ಅಲ್ಲ, ‘ಪೊನ್’.

ಡಬ್ಬಿ ಅವಳ ಕೈಯಲ್ಲೇ ಉಳಿಯಿತು.

“ಇದು ಯಾವ ಸಿನಿಮಾದ್ದು, ಫೆರ್ಮಿನ್?”

ಅವನಿಗೆ ಹೊಳೆಯಲಿಲ್ಲ. ಅವಳು ಪಾಠದ ದನಿಯಲ್ಲೇ ಬಿಡಿಸಿ ಹೇಳಿದಳು. “ಮೈಕ್ ಮುಂದೆ ನೀನು ಹೇಳೋದು ಓಡು, ಶರಣಾಗು, ಪಿಸ್ತೂಲು ಕೆಳಗಿಡು. ಉಪ್ಪು ಕಮ್ಮಿ ಹಾಕು ಅನ್ನೋದನ್ನ ಯಾರದೋ ಅಡುಗೆಮನೇಲಿ ಕಲಿತಿದ್ದೀಯ.”

ಅವನು ಇಲ್ಲವೆನ್ನಲಿಲ್ಲ. ಅವಳು ಆ ಹೆಂಗಸಿನ ಹೆಸರನ್ನೂ ಕೇಳಲಿಲ್ಲ. ವಾಪಸ್ ಹೋಗುತ್ತೀಯಾ ಎಂದಷ್ಟೇ ಕೇಳಿದಳು. ಅವನು ಪತ್ರಿಕೆಯನ್ನು ಮಡಿಸಿದ, ಮತ್ತೆ ಮಡಿಸಿದ.

ಹೋಗುವುದಕ್ಕೆ ನಮ್ಮೂರ ಸ್ಪ್ಯಾನಿಷ್‌ನಲ್ಲಿ ಆಜ್ಞೆಯ ರೂಪವೇ ಇಲ್ಲ. ನಡೆಯುವುದರಿಂದ ಎರವಲು ತಂದು ‘ನಡಿ’ ಎನ್ನುತ್ತೇವೆ. ನಮ್ಮವರಿಗೆ ಯಾರನ್ನೂ ಕಳಿಸಲು ಮನಸ್ಸಿಲ್ಲ, ಅದಕ್ಕೇ ಪದ ಮಾಡಿಕೊಂಡಿಲ್ಲ ಎಂದು ಗ್ರಾಸಿಯಾನಾ ತರಗತಿಯಲ್ಲಿ ತಮಾಷೆ ಮಾಡುತ್ತಿದ್ದಳು.

ಅವಳು ಒಲೆ ಆರಿಸಿದಳು.

“ನಡಿ,” ಎಂದಳು.

ಮಾತು ಕೇಳಿ ಮೊದಲು ಎದ್ದವಳು ಪುಲ್ಗಾ. ಬಾಲ ತಗ್ಗಿಸಿ ಬಾಗಿಲವರೆಗೂ ಹೋಗಿಬಿಟ್ಟಳು. ಗ್ರಾಸಿಯಾನಾ ನೆಲದ ಮೇಲೆ ಕುಳಿತು ಕೈ ಚಾಚಿದಳು.

“ನಿಂಗಲ್ಲ ಕಣೇ,” ಎಂದಳು. “ವೆನೀ.”