ಹೃದಯವಿಲ್ಲದ ನೊಣ

ಹಣ್ಣಿನ ನೊಣಗಳ ಮೇಲೆ ಸಂಶೋಧನೆ ಮಾಡುವವರ ಸಮ್ಮೇಳನದಲ್ಲಿ ಆ ಹಿರಿಯ ವಿಜ್ಞಾನಿಯ ಭಾಷಣವೆಂದರೆ ಸಭಾಂಗಣ ಕಿಕ್ಕಿರಿಯುತ್ತಿತ್ತು. ನೊಣದ ಭ್ರೂಣದಲ್ಲಿ ಹೃದಯ ಮೂಡಿಸುವ ಜೀನ್ ಒಂದರ ಬೆನ್ನುಹತ್ತಿಯೇ ಅವಳ ತಲೆ ನರೆತಿತ್ತು. ಅದು ಕೆಟ್ಟರೆ ಹೃದಯವೇ ಬೆಳೆಯದು. "ಥೇಟ್ ನಮ್ಮ ಡೀನ್ ಸಾಹೇಬರ ಹಾಗೆ" ಎಂದು ನಗಿಸಿಯೇ ಅವಳು ಮಾತು ಶುರುಮಾಡುವುದು.

ಈ ಸಲ ಹೃದಯವಿಲ್ಲದ ಭ್ರೂಣದ ಚಿತ್ರ ಪರದೆಯ ಮೇಲೆ ಬಿದ್ದದ್ದೇ ತಡ, ಆ ಹಳೆಯ ನಗೆಮಾತು ನೆನೆದು ಜನ ಮೊದಲೇ ನಕ್ಕರು. ಅವಳು ಪರದೆಯಿಂದ ಮುಖ ತಿರುಗಿಸಿದಳು.

ಹುಟ್ಟುವಾಗಲೇ ಹೃದಯ ನೆಟ್ಟಗಿಲ್ಲದ ಮೊಮ್ಮಗಳು ಹೋದ ತಿಂಗಳು ಅವಳ ಮಡಿಲಲ್ಲೇ ಕಣ್ಣುಮುಚ್ಚಿದ್ದಳು. "ಅಮ್ಮಾ, ಜೀವನವೆಲ್ಲ ಹೃದಯದ ಬಗ್ಗೆನೇ ಓದಿದ್ಯಲ್ಲ, ಏನಾದ್ರೂ ಮಾಡೇ" ಎಂದು ಮಗಳು ಗೋಗರೆದಿದ್ದಳು. ಮಾಡಲು ಏನೂ ಇರಲಿಲ್ಲ. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು.

ಅಧ್ಯಕ್ಷರು ನೀರಿನ ಲೋಟ ಸರಿಸಿ, "ಮೇಡಂ, ಬೇಕಾದ್ರೆ ನಾಳೆ ಮಾತಾಡಿ" ಎಂದರು.

"ಬೇಡ ಸಾರ್. ಈ ಕೆಲಸ ನನ್ನ ಮೊಮ್ಮಗಳಿಗೆ ದಕ್ಕಲಿಲ್ಲ. ಬೇರೆ ಯಾರ ಮಗುವಿಗಾದ್ರೂ ದಕ್ಕಲಿ."

ಎಂದಿನ ನಗೆಮಾತಿಲ್ಲದೆಯೇ ಅವಳು ಭಾಷಣ ಶುರುಮಾಡಿದಳು. ಮುಗಿದ ಮೇಲೆ ಅವಳು ಹೊರಗೆ ಬಂದು ಮಗಳಿಗೆ ಫೋನ್ ಮಾಡಿದಳು.

"ಭಾಷಣ ಚೆನ್ನಾಗಾಯ್ತಾ?" ಎಂದಷ್ಟೇ ಕೇಳಿ ಮಗಳು ಫೋನ್ ಇಟ್ಟಳು. ಮಗು ಹೋದಮೇಲೆ ಅವಳು ತಾಯಿಯೊಡನೆ ಆಡಿದ ಮೊದಲ ಮಾತು ಅದು. ತಾಯಿ ಮೆಟ್ಟಿಲ ಮೇಲೆ ಕೂತು, ಬಂದು ಹೋಗುವವರ ಎದುರಿಗೇ ಬಿಕ್ಕಿಬಿಕ್ಕಿ ಅತ್ತಳು.