ಶಂಕರ ಬಿಚ್ಚದ ಕಟ್ಟು

ರೋಬಸ್ಟಾ ಕಾಫಿಯ ಕುಯ್ಲು ಮುಗಿಯುತ್ತ ಬಂದು ಕಾಳುಮೆಣಸಿನ ಕುಯ್ಲಿಗೆ ಕೈ ಹಚ್ಚುವ ದಿನಗಳು. ಬೆಳ್ಳಿಯಪ್ಪ ಬಿದಿರಿನ ಒಂಟಿ ಏಣಿಯನ್ನು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ, ಹಗ್ಗ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೇಲೆ ಹತ್ತಿದ್ದ. ಬಳ್ಳಿಯ ಕೆಳಗೆ ಹರಡಿದ್ದ ಟಾರ್ಪಾಲಿನ ಮೇಲೆ ಅವನ ಹೆಂಡತಿ ಹುಚ್ಚಮ್ಮ ಕೂತು, ಉದುರಿದ ಗೊನೆಗಳನ್ನು ಆಯುತ್ತಿದ್ದಳು.

"ಚೀಲಕ್ಕಿಂತ ನೆಲಕ್ಕೇ ಜಾಸ್ತಿ ಬೀಳ್ತಾ ಉಂಟಲ್ಲ, ನಾನೇ ಹತ್ತಲಾ?" ಎಂದಳು ಹುಚ್ಚಮ್ಮ.

"ಹತ್ತು. ಏಣಿ ಮುರಿದ್ರೆ ಹೊಸದು ಕಡಿಯೋಕೆ ನಾನು ಹೋಗಲ್ಲ ಅಷ್ಟೇ."

ಅಷ್ಟರಲ್ಲಿ ತೋಟದ ಕೆಳಗಿನ ಕಾಲುದಾರಿಯಲ್ಲಿ ಪ್ರೇಮಕುಮಾರಿ ಹತ್ತಿ ಬರುವುದು ಕಾಣಿಸಿತು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಫೋನು. ಹುಚ್ಚಮ್ಮನ ನಗು ನಿಂತಿತು. ಪ್ರೇಮಕುಮಾರಿ ಶಂಕರನ ಹೆಂಡತಿ. ಕೊಲ್ಲಿ ದೇಶದ ಜೈಲಿನಲ್ಲಿರುವ ಶಂಕರನ ಹೆಂಡತಿ ಎಂದು ಈಗೀಗ ಕಳಸದ ಪೇಟೆಯಲ್ಲಿ ಹೇಳುತ್ತಾರೆ. ಮೊದಲು ಹಾಗೆ ಹೇಳುತ್ತಿರಲಿಲ್ಲ. ಜೀಪಿನ ಶಂಕರನ ಹೆಂಡತಿ ಎನ್ನುತ್ತಿದ್ದರು.

"ಬೆಳ್ಳಿಯಣ್ಣ, ಕೆಳಗೆ ಇಳೀರಿ. ಇವತ್ತು ಮಧ್ಯಾಹ್ನ ಅವ್ರ ಫೋನು ಬರತ್ತೆ. ನೀವು ಮಾತಾಡ್ಬೇಕು."

ಅವಳು ಹೇಳಿದ್ದು ಇಷ್ಟು. ಕೇಸು ನೋಡಿಕೊಳ್ಳುತ್ತಿರುವ ಮೂಡಿಗೆರೆಯ ಲಾಯರು ಪ್ರಸಾದ್ ನಿನ್ನೆ ಕರೆಸಿದ್ದರಂತೆ. ಆ ದೇಶದಲ್ಲಿ ಹಬ್ಬದ ಹೊತ್ತಿಗೆ ಕೆಲವು ಕೈದಿಗಳನ್ನು ಬಿಡುವುದುಂಟಂತೆ. ಆದರೆ ಕ್ಷಮೆ ಕೇಳುವವನು ಮೊದಲು ತಪ್ಪು ಒಪ್ಪಬೇಕು. ನನ್ನ ಚೀಲದಲ್ಲಿ ಸಿಕ್ಕ ಪೊಟ್ಟಣದಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ತಂದೆ ಎಂದು ಸಹಿ ಹಾಕಬೇಕು. ಶಂಕರ ಒಲ್ಲೆ ಅನ್ನುತ್ತಿದ್ದಾನೆ.

"ನನ್ನ ಮಾತು ಕೇಳಲ್ಲ. ಗಗನಾ ಅತ್ತು ಕರೆದು ಹೇಳಿದ್ಲು, ಮಗಳ ಮಾತೂ ಕೇಳ್ಲಿಲ್ಲ. ನೀವು ಹೇಳಿದ್ರೆ ಕೇಳ್ತಾರೆ. ಸಹಿ ಹಾಕು ಅಂತ ಹೇಳಿ ಅಣ್ಣ."

ಬೆಳ್ಳಿಯಪ್ಪ ಇಳಿದು ಬಂದು ಟಾರ್ಪಾಲಿನ ಅಂಚಿಗೆ ಕೂತ.

ಶಂಕರನ ಜೀಪು ಓಡುತ್ತಿದ್ದ ಕಾಲ ಅವನಿಗೆ ನಿನ್ನೆಯಷ್ಟು ಹತ್ತಿರ. ಕಳಸದಿಂದ ಈ ಮೇಲ್ಗುಡ್ಡೆಗೆ ಬಸ್ಸಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಶಂಕರ ಬಂದರೆ ಊರಿಗೆ ಪೇಟೆಯೇ ಬಂದಂತೆ. ಜನಕ್ಕಿಂತ ಸಾಮಾನೇ ಹೆಚ್ಚು. ಔಷಧದಂಗಡಿಯವರು ಕೊಟ್ಟ ಮಾತ್ರೆ, ದರ್ಜಿ ಹೊಲಿದ ರವಿಕೆ, ತವರಿಂದ ಬಂದ ಹಲಸಿನ ಹಪ್ಪಳ, ಯಾರದೋ ಜಾತಕ, ಯಾರಿಗೋ ಕೋಳಿಮರಿ. ಯಾರು ಬೇಕಾದರೂ ಕಟ್ಟಿ ಕೊಡಬಹುದು. ಮನೆಯ ಹೆಸರು ಹೇಳಿದರೆ ಸಾಕು. ಒಳಗೆ ಎಂತ ಎಂದು ಶಂಕರ ಕೇಳಿದ್ದಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಈ ಗುಡ್ಡದಲ್ಲಿ ಎಲ್ಲರಿಗೂ ಗೊತ್ತು. ತಿರುವಿನಲ್ಲಿ ಹಾರನ್ ಎರಡು ಸಲ ಹೊಡೆದರೆ ಸಾಮಾನು ಉಂಟು, ಓಡಿ ಬನ್ನಿ ಎಂದು ಅರ್ಥ. ಹುಚ್ಚಮ್ಮ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಿದ್ದಳು.

ಮಗಳು ಅರುಣಾಳ ಮದುವೆಯ ಹೊತ್ತಿಗೆ ಆದದ್ದು ನೆನಪಾಯಿತು. ಕಳಸದ ಅಕ್ಕಸಾಲಿ ಸರವನ್ನು ಪೇಪರಿನಲ್ಲಿ ಸುತ್ತಿ, ನೂಲು ಬಿಗಿದು, "ಬೆಳ್ಳಿಯಪ್ಪನ ಮನೆಗೆ" ಎಂದು ಶಂಕರನ ಕೈಗೆ ಕೊಟ್ಟಿದ್ದ. ಶಂಕರ ಅದನ್ನು ಬೀಡಿ ಕಟ್ಟು, ಸೊಳ್ಳೆಬತ್ತಿಗಳ ಜೊತೆ ಜೀಪಿನ ಮುಂದೆ ಗಾಜಿನಡಿ ಎಸೆದುಕೊಂಡು, ದಾರಿಯಲ್ಲಿ ಎರಡು ಕಡೆ ಚಹಾ ಕುಡಿದು, ಕತ್ತಲಾಗುವ ಹೊತ್ತಿಗೆ ತಂದುಕೊಟ್ಟಿದ್ದ. ಹುಚ್ಚಮ್ಮ ಬಿಚ್ಚಿದವಳೇ ಕಿರುಚಿಕೊಂಡಳು.

"ಚಿನ್ನವಾ! ನಂಗೊಂದು ಮಾತು ಹೇಳಿದ್ರೆ ಒಳಜೇಬಲ್ಲಾದ್ರೂ ಇಟ್ಕೊಳ್ತಿದ್ದೆನಲ್ಲ ಮಾರಾಯ್ರೆ," ಎಂದು ಶಂಕರ ಬೆವರು ಒರೆಸಿಕೊಂಡಿದ್ದ.

"ಮುಟ್ಟಿದಾಗ ಗೊತ್ತಾಗ್ಲಿಲ್ವಾ?" ಎಂದಿದ್ದಳು ಹುಚ್ಚಮ್ಮ.

"ನಿಮ್ಮನೆ ಕಟ್ಟು, ನಾನು ಯಾಕೆ ಮುಟ್ಟಿ ನೋಡ್ಲಿ?"

ರಸ್ತೆ ಆಯಿತು, ಮನೆಮನೆಗೆ ಬೈಕು ಬಂತು. ಜೀಪಿಗೆ ಜನ ಕಡಿಮೆಯಾದರು. ಶಂಕರ ಅದನ್ನು ಮಾರಿ ಕೊಲ್ಲಿಗೆ ಡ್ರೈವರಾಗಿ ಹೋದ. ಮೊದಲ ರಜೆ ಮುಗಿಸಿ ವಾಪಸು ಹೊರಟಾಗ, ವಿಮಾನದ ಕ್ಯೂನಲ್ಲಿ ಪರಿಚಯವಾದ ಒಬ್ಬ, ತನ್ನ ಚೀಲ ತೂಕ ಮೀರುತ್ತದೆ ಎಂದು ಒಂದು ಉಪ್ಪಿನಕಾಯಿ ಡಬ್ಬಿಯ ಕಟ್ಟು ಕೊಟ್ಟನಂತೆ. ಅಲ್ಲಿ ಇಳಿದ ಮೇಲೆ ತಮ್ಮ ಬಂದು ತಗೊಳ್ಳುತ್ತಾನೆ ಎಂದನಂತೆ. ಹೆಸರು ಕೇಳಿಕೊಂಡು ಶಂಕರ ತನ್ನ ಚೀಲಕ್ಕೆ ಹಾಕಿಕೊಂಡ. ಅಲ್ಲಿನ ಕಸ್ಟಮ್ಸಿನವರು ತೆರೆದು ನೋಡಿದರೆ ಉಪ್ಪಿನಕಾಯಿಯ ಕೆಳಗೆ ನಶೆಯ ಮಾತ್ರೆಗಳಿದ್ದವು. ಹೊರಗೆ ಯಾವ ತಮ್ಮನೂ ಕಾದಿರಲಿಲ್ಲ.

ಹತ್ತು ವರ್ಷದ ಶಿಕ್ಷೆ. ಕೊಟ್ಟವನನ್ನು ಯಾರೂ ಹುಡುಕಲಿಲ್ಲ. ಗುರುತಿಲ್ಲದವನ ಕಟ್ಟನ್ನು ಬೆಳೆದ ಗಂಡಸೊಬ್ಬ ಬಿಚ್ಚಿ ನೋಡದೆ ಒಯ್ಯುತ್ತಾನೆ ಎಂದರೆ ನಂಬುವುದು ಹೇಗೆ ಎಂದಿತಂತೆ ಕೋರ್ಟು. ಅದನ್ನು ಲಾಯರು ಓದಿ ಹೇಳಿದ ದಿನ ಬೆಳ್ಳಿಯಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಕಕ್ಕಾಬಿಕ್ಕಿಯಾಗಿತ್ತು. ಶಂಕರ ಬಿಚ್ಚಿ ನೋಡಿದ್ದ ಎಂದಿದ್ದರೇ ಅವನು ನಂಬುತ್ತಿರಲಿಲ್ಲ.

ಆದರೂ ಪೇಟೆಯಲ್ಲಿ ಒಂದೊಂದು ಮಾತು ಕಿವಿಗೆ ಬೀಳುತ್ತಿತ್ತು. ಜೀಪು ಮಾರಿದ ಮೇಲೆ ಕೈ ಬರಿದಾಗಿತ್ತಲ್ಲ, ಯಾರಿಗೆ ಗೊತ್ತು ಮಾರಾಯ, ಎಂದು. ಈಗ ಅವನೇ ಸಹಿ ಹಾಕಿದರೆ ಆ ಮಾತಿಗೆ ಕಾಲು ಬರುತ್ತದೆ. ಹಾಕದಿದ್ದರೆ ಗಗನಾಳ ಮದುವೆಗೂ ಅವನು ಇಲ್ಲ. ಯಾವುದನ್ನು ಹೇಳುವುದು?

"ಹೇಳ್ತೀರೋ ಇಲ್ವೋ?" ಎಂದಳು ಪ್ರೇಮಕುಮಾರಿ.

"ಬಾ, ಬಂಡೆ ಹತ್ರ ಹೋಗೋಣ," ಎಂದ ಬೆಳ್ಳಿಯಪ್ಪ. ಊರಿಗೆ ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಬಂಡೆಯಲ್ಲಿ ಮಾತ್ರ.

ಮೂವರೂ ಹತ್ತಿದರು. ಬಿಸಿಲು ಏರಿತ್ತು. ಕೆಳಗೆ ಕಣದಲ್ಲಿ ಒಣ ಹಾಕಿದ ಕಾಫಿ ಕಪ್ಪಗೆ ಕಾಣುತ್ತಿತ್ತು. ಫೋನು ಬಂದಾಗ ಪ್ರೇಮಕುಮಾರಿ ಒಂದೇ ಮಾತಾಡಿ, ಸ್ಪೀಕರ್ ಹಾಕಿ, ಬೆಳ್ಳಿಯಪ್ಪನ ಕೈಗೆ ಕೊಟ್ಟಳು.

"ಬೆಳ್ಳಿಯಣ್ಣ? ಮೆಣಸು ಹೆಂಗುಂಟು ಈ ಸಲ?"

"ಉಂಟು ಮಾರಾಯ. ಕೆಳಗಿನ ಸಾಲಲ್ಲಿ ಬಳ್ಳಿ ಸ್ವಲ್ಪ ಸೊರಗಿದೆ."

"ನನ್ನ ಜೀಪು?"

"ಕೊಪ್ಪದ ಕಡೆ ಉಂಟಂತೆ. ಕಲ್ಲು ಸಾಗಿಸ್ತಾ ಇದ್ದಾರಂತೆ ಅದ್ರಲ್ಲಿ."

"ಕಲ್ಲಾ!" ಶಂಕರ ನಕ್ಕ. ಆ ನಗು ಮೊದಲಿನದ್ದೇ. ಹುಚ್ಚಮ್ಮ ಮುಖ ತಿರುಗಿಸಿದಳು. ಆಮೇಲೆ ಶಂಕರನೇ ಹೇಳಿದ, "ಪ್ರೇಮ ನಿಮ್ಮನ್ನ ಯಾಕೆ ಕರ್ಕೊಂಡು ಬಂದಿದ್ದಾಳೆ ಅಂತ ಗೊತ್ತು ನಂಗೆ. ಅಷ್ಟು ವರ್ಷ ಊರಿನ ಕಟ್ಟೆಲ್ಲ ತಂದೆ, ಒಂದನ್ನೂ ಬಿಚ್ಚಲಿಲ್ಲ. ಇದೊಂದನ್ನ ಬಿಚ್ಚಿದ್ದೆ ಅಂತ ಬರೀಲಾ? ನೀವೇ ಹೇಳಿ."

ಬೆಳ್ಳಿಯಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆದುರಿಹೋಯಿತು.

"ಬರಿ," ಎಂದ.

ಲೈನು ಕಡಿದುಹೋಯಿತೋ ಎಂದು ಪ್ರೇಮಕುಮಾರಿ ಫೋನಿನ ಕಡೆ ಬಗ್ಗಿದಳು.

"ನೀವೂ ಹೇಳ್ತೀರಾ ಬೆಳ್ಳಿಯಣ್ಣ?"

"ಹೇಳ್ತೀನಿ. ಸುಳ್ಳು ಅಂತ ಗೊತ್ತಿದ್ದೇ ಹೇಳ್ತೀನಿ. ಆ ಕೋರ್ಟಿನವ್ರು ನಮ್ಮ ಗುಡ್ಡ ಹತ್ತಿದವ್ರಲ್ಲ, ಅವ್ರಿಗೆ ಅರ್ಥ ಆಗಲ್ಲ. ಅವ್ರಿಗೆ ಅರ್ಥ ಮಾಡಿಸ್ಬೇಕು ಅಂತ ನೀನು ಅಲ್ಲೇ ಮುದುಕ ಆಗ್ತೀಯಾ? ನಿನ್ನ ಮಗಳಿಗೆ ಅಪ್ಪ ಬೇಕು ಮಾರಾಯ. ನಂಗೂ ನೀನು ಬೇಕು."

"ಊರಲ್ಲಿ ಎಂತ ಹೇಳ್ತಾರೆ?"

"ಹೇಳೋರು ಈಗ್ಲೂ ಹೇಳ್ತಿದ್ದಾರೆ."

ಅದು ಬಾಯಿ ತಪ್ಪಿ ಬಂದದ್ದು. ಹುಚ್ಚಮ್ಮ ಅವನ ಮೊಣಕೈ ಚಿವುಟಿದಳು.

"ಸರಿ. ಬರೀತೀನಿ. ಆದ್ರೆ ನೀವೊಂದು ಮಾಡ್ಬೇಕು. ಹೊರಗೆ ಬರೋಕೆ ಶಂಕರ ಸುಳ್ಳು ಬರೆದ ಅಂತ ಕಳಸದಲ್ಲಿ ನಿಂತು ಹೇಳ್ಬೇಕು. ಜೀಪು ನಿಲ್ತಿತ್ತಲ್ಲ, ಅಲ್ಲೇ. ಮೆತ್ತಗೆ ಅಲ್ಲ."

"ಶನಿವಾರ ಪೇಟೆಗೆ ಹೋಗ್ತೀನಿ. ಹೇಳ್ತೀನಿ."

"ಜೋರಾಗಿ."

"ನನ್ನ ಗಂಟಲು ನಿಂಗೆ ಗೊತ್ತಲ್ಲ."

ಲೈನು ಕಡಿಯಿತು. ಪ್ರೇಮಕುಮಾರಿ ಬಂಡೆಯ ಮೇಲೆ ಕುಕ್ಕರಿಸಿ, ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಬಿಡುಗಡೆಯ ಪಟ್ಟಿಯಲ್ಲಿ ಹೆಸರು ಬಂದೇ ಬರುತ್ತದೆ ಎಂದು ಲಾಯರೂ ಹೇಳಿರಲಿಲ್ಲ. ಹುಚ್ಚಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತಳು. ಬೆಳ್ಳಿಯಪ್ಪ ಗುಡ್ಡದ ಕೆಳಗಿನ ರಸ್ತೆ ನೋಡಿದ. ಒಂದು ಬೈಕು ತಿರುವಿನಲ್ಲಿ ಹಾರನ್ ಮಾಡದೆ ಹೋಯಿತು.

ಇಳಿಯುವಾಗ ಪ್ರೇಮಕುಮಾರಿ ಕಣ್ಣೊರೆಸಿಕೊಂಡು ಹೇಳಿದಳು, "ನಾಳೆಯಿಂದ ನಾನೂ ಗಗನಾನೂ ಮೆಣಸಿಗೆ ಬರ್ತೀವಿ ಅಣ್ಣ. ಅವ್ರು ಕೊಲ್ಲಿಗೆ ಹೋಗೋ ವರ್ಷ ನಮ್ಮನೆ ಹಂಚು ಹೊದಿಸೋಕೆ ನೀವು ಬಂದಿದ್ರಿ. ಆ ಮುಯ್ಯಿ ಇನ್ನೂ ಹಂಗೇ ಉಂಟು."

ಒಬ್ಬರು ಬಂದು ದುಡಿದ ದಿನಕ್ಕೆ ಇನ್ನೊಬ್ಬರು ಹೋಗಿ ದುಡಿದು ತೀರಿಸುವುದು ಈ ಗುಡ್ಡದಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಬಾಕಿ ಇಟ್ಟವನ ಹೆಂಡತಿಯೋ ಮಗನೋ ಬಂದು ತೀರಿಸಿದರೂ ತೀರಿದಂತೆಯೇ. ಬೆಳ್ಳಿಯಪ್ಪ ಯಾರ ಮುಯ್ಯಿಯನ್ನೂ ಬೇಡ ಅಂದವನಲ್ಲ.

"ನೀವು ಬಂದ್ರೆ ಕೂಲಿ ಕೊಡ್ತೀನಿ," ಎಂದ.

"ಕೂಲಿ ಯಾಕೆ? ನಾನು ಮುಯ್ಯಿಗೆ ಅಂತಲ್ವಾ ಹೇಳಿದ್ದು."

"ಹಂಚು ಹೊದಿಸಿದ್ದು ಶಂಕರನ ಜೊತೆ. ಅದನ್ನ ಅವನೇ ಬಂದು ತೀರಿಸ್ಲಿ. ಅಲ್ಲೀವರೆಗೆ ಅವನ ಹೆಸರಲ್ಲೇ ಇರ್ಲಿ."

ಪ್ರೇಮಕುಮಾರಿ ಮತ್ತೆ ಎಂತದೋ ಹೇಳಲು ಹೊರಟಳು. ಹುಚ್ಚಮ್ಮ ಕಣ್ಣಲ್ಲೇ ಬೇಡ ಎಂದಳು. ಬೆಳ್ಳಿಯಪ್ಪ ಚೀಲ ಸೊಂಟಕ್ಕೆ ಬಿಗಿದುಕೊಂಡು ಏಣಿ ಹತ್ತಿದ.